ಒಂದು ತಾಸಿನ ಸುಳ್ಳು

ನಾನು ಹುಟ್ಟಾ ಸಂಶಯದ ಮನುಷ್ಯ. ಕಾಯಿಪಲ್ಲೆಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಅವಳ ಹೆಬ್ಬೆರಳಿನ ಮೇಲೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ, ಇವತ್ತೇ ಯಾಕೆ ಸರಿಯಾಗಿ ಬಂತು ಎಂದು ಕಂಡಕ್ಟರನ ಮುಖ ನೋಡುವವನು. ತೊಟ್ಟಿಲಲ್ಲಿದ್ದಾಗಲೂ ನಾನು ಹಾಲಿಗೆ ನೀರು ಬೆರೆಸಿದ್ದಾರೋ ಏನೋ ಎಂದು ನೋಡಿಯೇ ಕುಡಿಯುತ್ತಿದ್ದೆನೆಂದು ಅವ್ವ ಬಂದವರ ಮುಂದೆ ಹೇಳಿ ನಗುತ್ತಿದ್ದಳು. ಈ ಗುಣ ಬಹಳ ವರ್ಷ ನನಗೆ ಜಾಣತನ ಅನ್ನಿಸಿತ್ತು. ಮನೆಯವರಿಗೂ ಹಾಗೇ ಅನ್ನಿಸಿತ್ತು. ಕೆಟ್ಟದ್ದು ಅಲ್ಲೇ.

ಶಹಾಪುರದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಸಮಾಜ ಕಲಿಸುವ ಮಾಸ್ತರನಾಗಿದ್ದೆ. ಇತಿಹಾಸ, ಪೌರನೀತಿ, ಭೂಗೋಳ ಮೂರೂ ನನ್ನ ತಲೆಗೇ. ಶಾಲೆಯಲ್ಲಿ ಹಿಂಬದಿಗೆ ಬಟ್ಟೆ ಹಚ್ಚಿದ ಒಂದು ಪ್ರಪಂಚದ ನಕ್ಷೆ ಇತ್ತು. ಬೆತ್ತ ಇಟ್ಟೂ ಇಟ್ಟೂ ಭಾರತದ ಬಣ್ಣ ಹಾರಿ ಹೋಗಿ, ಹೈದರಾಬಾದಿನ ಸುತ್ತ ಬಟ್ಟೆಯ ನೂಲು ಕಾಣುತ್ತಿತ್ತು. ಅದರ ಎಡಕ್ಕೆ ಅರಬ್ಬರ ನಾಡು ಮಾತ್ರ ಅಂಗಡಿಯಿಂದ ತಂದ ದಿನ ಇದ್ದಷ್ಟೇ ಹೊಸದಾಗಿ, ಹಳದಿಯಾಗಿ ಉಳಿದಿತ್ತು. ಅಲ್ಲಿ ಯಾರೂ ಬೆತ್ತ ಇಟ್ಟವರೇ ಅಲ್ಲ. ನಾನಂತೂ ಇಟ್ಟಿಲ್ಲ. ಪರೀಕ್ಷೆಯಲ್ಲಿ ಕೇಳುತ್ತಿರಲಿಲ್ಲ, ಹೀಗಾಗಿ ಕಲಿಸುತ್ತಿರಲಿಲ್ಲ.

ಆಗ ನಮ್ಮ ಕಡೆ ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತದ ಮಡಿ ಎದ್ದಿದ್ದವು. ನೀರು ಬಂದದ್ದರ ಜೊತೆಗೆ ಸಂಶಯವೂ ಬಂತು. ಒಂದು ಸಲ ತಲೆ ಮೇಲೆ ಒಂದು ಮೋಡದ ತುಣುಕಿಲ್ಲ, ಬಿಸಿಲು ಕಾದ ಹಂಚಿನಂತೆ ಬಿದ್ದಿದೆ, ಅಂಥ ದಿನ ಕೃಷ್ಣಾ ನದಿ ಉಕ್ಕಿ ಬಂದಿದೆ ಎಂಬ ಸುದ್ದಿ ಬಂತು. ನಮ್ಮೂರ ರೈತರು ಹೋಗಿ ಕಾಲುವೆಯ ಗೇಟಿನವನನ್ನು ಸುತ್ತುಗಟ್ಟಿದರು. ಮಳೆಯೇ ಇಲ್ಲದೆ ನೀರು ಹೇಗೆ ಬಂತು, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ, ನಮ್ಮ ಸರದಿ ಬಂದಾಗ ಇಲ್ಲ ಅಂದಿರಿ, ಈಗ ಎಲ್ಲಿಂದ ಬಂತು ಎಂದು ಅವನ ಜೀವ ತಿಂದರು. ನದಿ ಹುಟ್ಟುವುದು ಮಹಾರಾಷ್ಟ್ರದ ಬೆಟ್ಟದಲ್ಲಿ, ಅಲ್ಲಿಯ ಮಳೆ ಇಲ್ಲಿ ಬರಲು ದಿನ ಹಿಡಿಯುತ್ತದೆ ಎಂದು ಆ ಬಡಪಾಯಿ ಹೇಳುತ್ತಲೇ ಇದ್ದ. ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಾನು ದಂಡೆಯ ಮೇಲೆ ನಿಂತು ನಕ್ಕೆ. ಇಷ್ಟೂ ಗೊತ್ತಿಲ್ಲದ ಜನ ಎಂದು ಮನಸ್ಸಿನಲ್ಲೇ ಬೈದೆ. ಇಳಿದು ಹೋಗಿ ತಿಳಿಸಿ ಹೇಳಲಿಲ್ಲ, ಅದು ಬೇರೆ ಮಾತು.

ಹೊರಗಿನ ಪ್ರಪಂಚದ ಬಗ್ಗೆ ನಮ್ಮ ಪೇಟೆಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ ಸಂಗತಿ. ಅದನ್ನು ತಂದವನು ಒಬ್ಬ ಗೌಂಡಿ. ಎರಡು ವರ್ಷ ದುಬೈಯಲ್ಲಿ ಗೋಡೆ ಕಟ್ಟಿ ಬಂದಿದ್ದ. ಬಂದ ಮೇಲೂ ಕೈಗಡಿಯಾರದ ಮುಳ್ಳನ್ನು ತಿರುಗಿಸಿರಲಿಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಎದುರಿಗೆ ಚಹಾದಂಗಡಿಯಲ್ಲಿ ಕೂತಿರುತ್ತಿದ್ದ. ಯಾರಾದರೂ ಟೈಮ್ ಎಷ್ಟು ಎಂದರೆ ತೋಳು ಚಾಚಿ, ಅಲ್ಲಿ ಈಗ ಎಷ್ಟು ಹೊಡೆದಿದೆ ಎಂದು ಮೊದಲು ಹೇಳಿ, ಅದಕ್ಕೆ ಒಂದೂವರೆ ತಾಸು ಕೂಡಿಸಿ ಆಮೇಲೆ ನಮ್ಮ ಟೈಮು ಹೇಳುತ್ತಿದ್ದ. ಸುರಪುರದ ಬಸ್ಸು ತಪ್ಪಿಸಿಕೊಂಡು ಬೈದುಕೊಂಡವರು ಎಷ್ಟೋ ಮಂದಿ. ಆದರೂ ಅವನ ಗಡಿಯಾರದ ಬಗ್ಗೆ ಎಲ್ಲರಿಗೂ ಒಳಗೊಳಗೆ ಹೆಮ್ಮೆ ಇತ್ತು. ದುಬೈ ಅಂದರೆ ಒಂದೂವರೆ ತಾಸು ಹಿಂದೆ. ಇದು ಹಮಾಲರಿಗೂ ಗೊತ್ತು, ಅಡತಿ ಅಂಗಡಿಯ ಸಾಹುಕಾರರಿಗೂ ಗೊತ್ತು.

ನನ್ನ ತಂಗಿಗೆ ಗಂಡು ಗೊತ್ತಾದದ್ದು ಆ ದಿನಗಳಲ್ಲಿ. ಹುಡುಗ ಕೊಡೇಕಲ್ ಕಡೆಯವನು, ಕರೆಂಟಿನ ಕೆಲಸ ಕಲಿತವನು, ದುಬೈಯಲ್ಲಿದ್ದಾನೆ ಎಂದರು. ರಜೆಗೆ ಬಂದಾಗ ನೋಡಿ ಹೋದ. ತಂಗಿ ಚಹಾ ಕೊಟ್ಟಳು, ಅವನು ಬಟ್ಟಲು ಹಿಡಿದುಕೊಂಡು ಕುಡಿಯುವುದನ್ನೇ ಮರೆತ. ಆಮೇಲೆ ಅವ್ವ ಕೇಳಿದಾಗ ತಂಗಿ ಆಯಿತು ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ, ಅಡಿಗೆಮನೆಗೆ ಹೋಗಿ ಯಾರೂ ಹೇಳದೆ ಗೋಡೆಯ ಮಾಡಿನಲ್ಲಿದ್ದ ಅಷ್ಟೂ ತಾಮ್ರದ ಪಾತ್ರೆಗಳನ್ನು ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಅವ್ವನಿಗೆ ಅಷ್ಟೇ ಸಾಕಾಯಿತು. ಹದಿನೈದು ದಿನದಲ್ಲಿ ನಿಶ್ಚಯ ಮಾಡಿದೆವು. ಮುಂದಿನ ವರ್ಷ ರಜೆಗೆ ಬಂದಾಗ ಮದುವೆ ಎಂದು ಮಾತಾಯಿತು. ಹುಡುಗ ಹೊರಟು ಹೋದ.

ತಂಗಿ ಹತ್ತನೆಯದು ಮುಗಿಸಿ ದಿನಾ ಶಹಾಪುರಕ್ಕೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋದರೆ ಮಧ್ಯಾಹ್ನ ಎರಡಕ್ಕೆ ಮನೆಗೆ. ನಿಶ್ಚಯವಾದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು. ಹೊಲಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಹಾಡು ಗುನುಗುತ್ತ ಬಸ್ಸಿಗೆ ಓಡುವಳು. ನಾನು ಅದನ್ನೂ ಸಂಶಯದಿಂದಲೇ ನೋಡಿದೆ, ಯಾಕೆ ಸುಳ್ಳು ಹೇಳಲಿ. ಹೊಲಿಗೆ ಕಲಿಯುವುದರಲ್ಲಿ ಅಷ್ಟು ಖುಷಿ ಪಡುವಂಥದ್ದು ಏನಿದೆ ಎಂದು ಕೇಳಿದೆ. ಅವಳು ಹಾಡು ನಿಲ್ಲಿಸಿದಳು. ಮರುದಿನದಿಂದ ನಾನು ಎದುರಿಗಿದ್ದಾಗ ಹಾಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ನಮ್ಮ ಹತ್ತಿ ಮಾರುವ ಅಡತಿ ಅಂಗಡಿಯ ಫೋನ್ ನಂಬರನ್ನು ಹುಡುಗನಿಗೆ ಕೊಟ್ಟಿದ್ದೆವು. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಅಪ್ಪ ಹೋಗಿ ಮಾತಾಡಿ ಬರುತ್ತಿದ್ದ. ಮಾತು ಅಂದರೇನು, ಮಳೆ ಬೆಳೆ, ಆರಾಮಾ ಆರಾಮು, ಅಷ್ಟೇ. ಮೊದಲು ನನ್ನ ತಲೆಗೆ ಹುಳ ಬಿಟ್ಟದ್ದು ವಾರ. ಯಾವಾಗಲೂ ಶುಕ್ರವಾರವೇ ಫೋನ್ ಮಾಡುತ್ತಾನೆ, ಅವತ್ತು ರಜೆ ಅನ್ನುತ್ತಾನೆ. ಭಾನುವಾರ ಬಿಟ್ಟು ಶುಕ್ರವಾರ ರಜೆ ಕೊಡುವ ಕಂಪನಿ ಯಾವುದು? ಅಪ್ಪನಿಗೆ ಕೇಳಿದೆ. ಅಪ್ಪ, ಸಾಬರ ದೇಶ, ಶುಕ್ರವಾರ ನಮಾಜಿನ ದಿನ, ಇರಬಹುದು ಎಂದ. ಅಪ್ಪ ಒಂದಕ್ಷರ ಓದಿದವನಲ್ಲ. ಅವನಿಗೆ ಸರಿಯಾಗಿ ಹೊಳೆದದ್ದು ಭೂಗೋಳ ಕಲಿಸುವ ನನಗೆ ಹೊಳೆಯಲಿಲ್ಲ. ಹೊಳೆದರೂ ನಾನು ನಂಬುತ್ತಿರಲಿಲ್ಲ.

ಎರಡನೆಯದು ಅಂಚೆ. ಹುಡುಗನಿಂದ ಅಪ್ಪನ ಹೆಸರಿಗೆ ಒಂದು ಪತ್ರ ಬಂತು. ಕವರಿನ ಮೇಲೆ ನೋಡುತ್ತೇನೆ, ನಮ್ಮದೇ ದೇಶದ ಸ್ಟಾಂಪು, ಅದರ ಮೇಲೆ ಮುಂಬೈಯ ಮುದ್ರೆ. ದುಬೈಯಿಂದ ಬರೆದ ಪತ್ರಕ್ಕೆ ಮುಂಬೈ ಸಿಕ್ಕಾ ಹೇಗೆ ಬಿತ್ತು? ನಮ್ಮ ಕಡೆಯ ಅರ್ಧ ಜನ ಬೇಸಿಗೆಗೆ ಮುಂಬೈಗೋ ಪುಣೆಗೋ ದುಡಿಯಲು ಹೋಗುವವರು. ಇವನೂ ಅಲ್ಲೇ ಯಾವುದೋ ಚಾಳಿನಲ್ಲಿ ಕೂತು ನಮ್ಮ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಊರಿಗೆ ಹೊರಟ ಗೆಳೆಯರ ಕೈಯಲ್ಲಿ ಕಾಗದ ಕೊಟ್ಟು, ಅವರು ವಿಮಾನ ಇಳಿದ ಮೇಲೆ ಮುಂಬೈಯಲ್ಲಿ ಡಬ್ಬಿಗೆ ಹಾಕುವ ಪದ್ಧತಿ ಇದೆಯೆಂದು ನನಗೆ ಯಾರು ಹೇಳಬೇಕು? ಕೇಳಿದ್ದರೆ ಗೌಂಡಿಯೇ ಹೇಳುತ್ತಿದ್ದ. ಸಂಶಯ ಪಡುವವನು ಕೇಳುವುದಿಲ್ಲ. ಉತ್ತರ ಮೊದಲೇ ಅವನ ಹತ್ತಿರ ಇರುತ್ತದೆ.

ಮುಂದಿನ ತಿಂಗಳು ಫೋನ್ ಬರುವ ಶುಕ್ರವಾರ ಶಾಲೆ ಬಿಟ್ಟವನೇ ಅಪ್ಪನ ಜೊತೆ ನಾನೂ ಅಡತಿ ಅಂಗಡಿಗೆ ಹೋದೆ. ಹೋಗುವಾಗ ಚಹಾದಂಗಡಿಯಲ್ಲಿದ್ದ ಗೌಂಡಿಯನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದೆ. ಅಂಗಡಿಯ ಗೋಡೆ ಗಡಿಯಾರ ಐದೂವರೆ ತೋರಿಸುತ್ತಿದ್ದಾಗ ಫೋನ್ ಬಂತು. ಅಪ್ಪನ ಕೈಯಿಂದ ರಿಸೀವರ್ ನಾನೇ ತೆಗೆದುಕೊಂಡೆ. ಆರಾಮು ಕೇಳಿದೆ, ಊಟ ಕೇಳಿದೆ, ಮಾತಿನ ನಡುವೆ ಮೆತ್ತಗೆ ಈಗ ಅಲ್ಲಿ ಟೈಮ್ ಎಷ್ಟಾಗಿದೆ ಎಂದು ಕೇಳಿದೆ.

"ಬರೋಬ್ಬರಿ ಮೂರು ಹೊಡದೈತ್ರಿ," ಎಂದ ಹುಡುಗ. "ಉಂಡು ಜರಾ ಮಲಗಿ ಈಗ ಎದ್ದೆ."

ನಾನು ಗೌಂಡಿಯ ಕೈ ಹಿಡಿದು ಗಡಿಯಾರ ನೋಡಿದೆ. ನಾಲ್ಕು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ತಾಸು ವ್ಯತ್ಯಾಸ. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆಯೂ ಮೂರೇ ಅಂದ. ಫೋನ್ ಇಟ್ಟು ಅಪ್ಪನ ಕಡೆ ತಿರುಗಿ, ಸುಳ್ಳು ಹೇಳಲಿಕ್ಕೂ ಲೆಕ್ಕ ಬರಬೇಕು, ಇವನಿಗೆ ಅದೂ ಬರುವುದಿಲ್ಲ ಎಂದೆ. ಮುಂಬೈಯಲ್ಲಿ ಕೂತು ದುಬೈಯ ಟೈಮು ಅಂದಾಜಿನ ಮೇಲೆ ಹೇಳಲು ಹೋಗಿ ಒಂದು ತಾಸು ತಪ್ಪಿದ್ದಾನೆ ಎಂದು ಬಿಡಿಸಿ ಹೇಳಿದೆ. ಗೌಂಡಿಯೂ ಎದೆ ಉಬ್ಬಿಸಿ, ದುಬೈಯಲ್ಲಿ ಈಗ ಮೂರು ಆಗುವುದು ಶಕ್ಯವೇ ಇಲ್ಲ ಎಂದು ಸಾಕ್ಷಿ ನುಡಿದ. ಅವನು ಹೇಳಿದ್ದು ನಿಜವೇ ಆಗಿತ್ತು. ಗದ್ದಿಗೆಯ ಮೇಲಿದ್ದ ಸಾಹುಕಾರರು ನನ್ನ ಬೆನ್ನು ತಟ್ಟಿದರು. ಓದಿದವರು ಮನೆಯಲ್ಲಿದ್ದರೆ ಹೆಣ್ಣುಮಕ್ಕಳ ಬಾಳು ಉಳಿಯುತ್ತದೆ ಅಂದರು. ಆ ಮಾತು ಕೇಳಿ ನಾನು ಹಿಗ್ಗಿದ್ದೆ. ಈಗ ನೆನಸಿಕೊಂಡರೆ ಮೈ ಉರಿಯುತ್ತದೆ.

ಶಾಲೆಯಲ್ಲಿ ನಾನು ವರ್ಷಾ ವರ್ಷಾ ಪಾಠ ಮಾಡುತ್ತಿದ್ದೆ: ಭೂಮಿ ಪಡುವಣದಿಂದ ಮೂಡಣಕ್ಕೆ ತಿರುಗುತ್ತದೆ, ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ, ಪಶ್ಚಿಮಕ್ಕೆ ಹೋದಷ್ಟೂ ಹೊತ್ತು ಹಿಂದೆ. ಮಕ್ಕಳಿಂದ ಬಾಯಿಪಾಠ ಮಾಡಿಸಿ, ತಪ್ಪಿದರೆ ಅಂಗೈಗೆ ಬೆತ್ತ ಕೊಟ್ಟಿದ್ದೇನೆ. ಆ ನಾಲ್ಕು ನಿಮಿಷವನ್ನು ಅವತ್ತು ಒಂದು ಸಲ ತೆಗೆದು ನೋಡಿದ್ದರೆ, ದುಬೈಗಿಂತ ಇನ್ನಷ್ಟು ಪಡುವಣಕ್ಕೆ ಇರುವವನಿಗೆ ಮಾತ್ರ ಅಷ್ಟು ಹಿಂದಿನ ಹೊತ್ತು ಇರಲು ಸಾಧ್ಯ ಎಂದು ಗೊತ್ತಾಗುತ್ತಿತ್ತು. ಪರೀಕ್ಷೆಗೆಂದು ಇಟ್ಟುಕೊಂಡ ತಿಳಿವಳಿಕೆ ಪರೀಕ್ಷೆಗೇ ಆಯಿತು.

ಅಪ್ಪ, ನಾನು, ನಮ್ಮ ದೊಡ್ಡಪ್ಪ ಮೂವರೂ ಹುಡುಗನ ಊರಿಗೆ ಹೋದೆವು. ಹುಡುಗನ ತಾಯಿ ಒಬ್ಬಳೇ ಇದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬೀಗರು ಬಂದರೆಂದು ಸಂಭ್ರಮದಿಂದ ಕಂಬಳಿ ಹಾಸಿದಳು, ಸಿಹಿ ಮಾಡಬೇಕೆಂದು ಒಲೆ ಮೇಲೆ ಸಜ್ಜಕಕ್ಕೆ ಇಟ್ಟಳು. ನಾನು ಪೊಲೀಸರ ಹಾಗೆ ಶುರು ಮಾಡಿದೆ. ನಿಮ್ಮ ಮಗ ಎಲ್ಲಿದ್ದಾನೆ? ದುಬೈದಾಗ. ದುಬೈಯಲ್ಲಿ ಎಲ್ಲಿ? ದುಬೈದಾಗ. ಯಾವ ಓಣಿ, ಯಾವ ಊರು? ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಅಪ್ಪನ ಕಡೆ ನೋಡಿದಳು.

"ನನಗೇನು ಗೊತ್ತಾಗತೈತ್ರಿ ಬೀಗರ," ಎಂದಳು. "ಸಮುದ್ರ ದಾಟಿ ಹೋಗ್ಯಾನ. ಸಮುದ್ರ ದಾಟಿ ದುಡಿಯಾಕ ಹೋದ್ರ ದುಬೈ ಅಂತಾರಲ್ರಿ ಎಲ್ಲಾರೂ, ನಾನೂ ಹಂಗ ಅಂದೆ."

ಆ ಮಾತಿನಲ್ಲೇ ಎಲ್ಲ ಇತ್ತು. ನಮ್ಮ ಪೇಟೆಯ ಬಾಯಲ್ಲಿ ದುಬೈ ಅನ್ನುವುದು ಒಂದು ಊರಿನ ಹೆಸರೇ ಅಲ್ಲ, ಸಮುದ್ರದ ಆಚೆ ದಂಡೆಯ ಅಷ್ಟೂ ನಾಡಿಗೆ ಅದೊಂದೇ ಹೆಸರು. ನನಗೂ ಅದು ಗೊತ್ತಿತ್ತು, ಗೊತ್ತಿದ್ದೂ ಕೇಳಿಸಲಿಲ್ಲ. ತಾಯಿ ಜಾರಿಕೊಳ್ಳುತ್ತಿದ್ದಾಳೆ ಎಂದೇ ತಿಳಿದೆ.

ವಿಳಾಸ ಕೇಳಿದೆ. ಟ್ರಂಕಿನಿಂದ ಮಡಿಕೆ ಸವೆದ ಚೀಟಿ ತಂದು ಕೊಟ್ಟಳು. ಮಗ ಕನ್ನಡದಲ್ಲೇ ಬರೆದಿಟ್ಟು ಹೋಗಿದ್ದ. ಅವನ ಹೆಸರು, ಒಂದು ಪೋಸ್ಟ್ ಬಾಕ್ಸ್ ನಂಬರು, ಅದರ ಕೆಳಗೆ 'ಮನಾಮಾ' ಎಂಬ ಒಂದು ಶಬ್ದ. ಮನೆ ನಂಬರಿಲ್ಲ, ಓಣಿಯಿಲ್ಲ, ದೇಶವಿಲ್ಲ. ಮನಾಮಾ ಅಂದರೆ ಯಾರು ಎಂದು ಕೇಳಿದೆ. ಮಾಲೀಕನ ಹೆಸರಿರಬೇಕು ಎಂದಳು ಆ ತಾಯಿ. ಯಾವ ಮಾಮಾ ಇವನು ಎಂದು ದೊಡ್ಡಪ್ಪ ನಕ್ಕ. ನಾನೂ ನಕ್ಕೆ. ಅದು ಒಂದು ದೇಶದ ರಾಜಧಾನಿ. ಕೈಯಲ್ಲಿ ಒಂದು ರಾಜಧಾನಿ ಹಿಡಿದುಕೊಂಡು ಭೂಗೋಳದ ಮಾಸ್ತರು ನಗುತ್ತಿದ್ದ.

ಹುಡುಗ ಬರಲಿ, ಎದುರಿಗೆ ಕೇಳೋಣ ಎಂದ ಅಪ್ಪ. ನಾನು ಬಿಡಲಿಲ್ಲ. ಮದುವೆಯಾದ ಮೇಲೆ ಮುಂಬೈಯಲ್ಲಿ ಇನ್ನೊಬ್ಬಳು ಇದ್ದಾಳೆಂದು ಗೊತ್ತಾದರೆ ಯಾರು ಹೊಣೆ, ಇರುವ ಊರಿನ ಬಗ್ಗೆಯೇ ಸುಳ್ಳು ಹೇಳಿದವನು ಇನ್ನು ಯಾವುದರ ಬಗ್ಗೆ ನಿಜ ಹೇಳಿಯಾನು ಎಂದು ಅಲ್ಲಿಯೇ, ಆ ತಾಯಿಯ ಎದುರಿಗೇ ಅಂದೆ. ಅವಳು ಒಲೆಯ ಮುಂದೆ ಹಾಗೇ ಕೂತಳು. ಸಜ್ಜಕ ತಳ ಹಿಡಿದು ವಾಸನೆ ಬಂತು. ನಿಶ್ಚಯಕ್ಕೆ ಅವರು ಉಡಿಸಿದ ಸೀರೆಯನ್ನು ದೊಡ್ಡಪ್ಪ ಚೀಲದಿಂದ ತೆಗೆದು ಕಂಬಳಿಯ ಮೇಲಿಟ್ಟ. ಅದನ್ನು ಹೊರಡುವಾಗಲೇ ನಾನು ಚೀಲಕ್ಕೆ ಹಾಕಿಸಿದ್ದೆ. ಅಂದರೆ ಕೇಳಲು ಹೋದದ್ದಲ್ಲ ನಾವು, ಮುರಿಯಲೆಂದೇ ಹೋದದ್ದು.

ಮನೆಗೆ ಬಂದು ತಂಗಿಗೆ ಹೇಳಿದವನೂ ನಾನೇ. ನಿನ್ನನ್ನು ದೊಡ್ಡ ಹಳ್ಳದಿಂದ ಉಳಿಸಿದೆ ಎಂಬ ಧಾಟಿಯಲ್ಲಿ ಹೇಳಿದೆ. ಶುಕ್ರವಾರ, ಸಿಕ್ಕಾ, ಒಂದು ತಾಸು, ಎಲ್ಲವನ್ನೂ ಪಾಠದ ಹಾಗೆ ಒಂದೊಂದಾಗಿ ವಿವರಿಸಿದೆ. ಅವಳು ಹೊಲಿಯುತ್ತಿದ್ದ ಕುಪ್ಪಸದ ತೋಳನ್ನು ಕೈಯಲ್ಲಿ ಹಿಡಿದು ಕೂತೇ ಇದ್ದಳು. ಒಂದೆರಡು ಸಲ ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಮರುದಿನದಿಂದ ಹೊಲಿಗೆ ಕ್ಲಾಸಿಗೆ ಹೋಗಲು ಒಲ್ಲೆ ಎಂದಳು. ಹೇಗೂ ಮದುವೆ ನಿಂತಿದೆ, ನಾಚಿಕೆ ಇರಬೇಕು ಎಂದುಕೊಂಡೆವು.

ಎರಡು ವರ್ಷ ಬೇರೆ ಸಂಬಂಧ ಬರಲಿಲ್ಲ. ನಿಶ್ಚಯ ಮುರಿದ ಹೆಣ್ಣು ಅಂದರೆ ಜನ ಕಾರಣವನ್ನು ಹುಡುಗನ ಕಡೆ ಹುಡುಕುವುದಿಲ್ಲ. ನಾನು ಗಂಡಿನ ಮೇಲೆ ಪಟ್ಟ ಸಂಶಯ ತಿರುಗಿ ಬಂದು ಅವಳ ಮೇಲೇ ಬಿತ್ತು. ಕೊನೆಗೆ ಯಾದಗಿರಿಯ ಒಂದು ಆಫೀಸಿನ, ಹೆಂಡತಿ ತೀರಿಕೊಂಡ ಗುಮಾಸ್ತನಿಗೆ ಎರಡನೆಯ ಸಂಬಂಧವಾಗಿ ಕೊಟ್ಟೆವು. ಕೆಟ್ಟ ಮನುಷ್ಯನಲ್ಲ ಅವನು. ವಯಸ್ಸು ಜಾಸ್ತಿ, ಮಾತು ಕಡಿಮೆ. ತಂಗಿ ಸಂಸಾರ ಮಾಡಿದಳು, ಯಾವತ್ತೂ ತವರಿಗೆ ದೂರು ತರಲಿಲ್ಲ. ಆದರೆ ಮದುವೆಯ ಮಾತು ಬಂದಾಗ ಅವಳು ತಾಮ್ರದ ಪಾತ್ರೆ ಇಳಿಸಿ ತಿಕ್ಕಲಿಲ್ಲ. ಅವ್ವ ಅದನ್ನು ನನಗೆ ಹೇಳಿದಳು, ನಾನು ಕೇಳಿಯೂ ಕೇಳದವನಂತೆ ಇದ್ದೆ.

ಅದಾಗಿ ಒಂದು ವರ್ಷದ ಮೇಲೆ ಗೌಂಡಿ ಇನ್ನೊಂದು ಸಲ ಸಮುದ್ರ ದಾಟಿ ದುಡಿದು ಬಂದ. ಮತ್ತೆ ಅದೇ ಚಹಾದಂಗಡಿ, ಅದೇ ತೋಳು ಚಾಚುವುದು. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಯಾರೋ ಟೈಮ್ ಕೇಳಿದರು. ಅಲ್ಲಿ ಈಗ ಒಂಬತ್ತೂವರೆ ಎಂದ. ನಾನು ಪಕ್ಕದ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದೆ. ನಿನ್ನ ವಾಚು ಕೆಟ್ಟಿದೆ, ಒಂದು ತಾಸು ಹಿಂದೆ ಬಿದ್ದಿದೆ ಎಂದು ಚೇಷ್ಟೆ ಮಾಡಿದೆ.

"ಕೆಟ್ಟಿಲ್ರಿ ಮಾಸ್ತರ," ಎಂದ ಗೌಂಡಿ. "ಈ ಸಲ ದುಬೈದಾಗ ಇರಲಿಲ್ಲ ನಾ. ಬಹರೇನ್ ಅಂತ ಬ್ಯಾರೆ ದೇಶ ಐತಿ, ಅಲ್ಲಿದ್ದೆ. ಅಲ್ಲಿಂದು ಎರಡೂವರಿ ತಾಸು ಹಿಂದ."

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಅವನು ತನ್ನ ಪಾಡಿಗೆ ಹೇಳುತ್ತಾ ಹೋದ. ಸುತ್ತಲೂ ನೀರಂತೆ, ನಡುವೆ ದೇಶವಂತೆ, ನಮ್ಮ ಶಹಾಪುರ ತಾಲ್ಲೂಕಿನಷ್ಟೂ ಇಲ್ಲವಂತೆ. ಮನಾಮಾ ಅಂತ ದೊಡ್ಡ ಊರಂತೆ. ಅಲ್ಲಿ ಕೊಡೇಕಲ್ ಕಡೆಯ ಕರೆಂಟಿನವನು ಒಬ್ಬ ಸಿಕ್ಕಿದ್ದನಂತೆ. ನಮ್ಮ ಮಾತು ಕೇಳಿದ್ದೇ ಓಡಿ ಬಂದು ಕೈ ಹಿಡಿದುಕೊಂಡನಂತೆ, ಹೋದ ಹೊಸದರಲ್ಲಿ ಹದಿನೈದು ದಿನ ರೊಟ್ಟಿ ಮಾಡಿ ಹಾಕಿದನಂತೆ. ಏಳು ವರ್ಷದಿಂದ ಒಂದೇ ಕಂಪನಿಯಲ್ಲಿ ಇದ್ದಾನಂತೆ. ಶಹಾಪುರದ ಕಡೆಯವರು ಹೇಗಿದ್ದಾರೆ ಎಂದು ಅವನು ಕೇಳಿದ, ಯಾರ ಹೆಸರೂ ಹೇಳಲಿಲ್ಲ ಎಂದ ಗೌಂಡಿ. ಅವನಿಗೆ ಆ ದಿನದ ಫೋನಿನ ನೆನಪೇ ಇರಲಿಲ್ಲ. ನೆನಪಿದ್ದವನು ನಾನೊಬ್ಬನೇ.

ಸೀದಾ ಶಾಲೆಗೆ ಹೋಗಿ ನಕ್ಷೆ ಇಳಿಸಿದೆ. ಬಹರೇನ್ ಸಿಗಲಿಲ್ಲ. ಸಮುದ್ರದ ನೀಲಿಯಲ್ಲಿ ಒಂದು ಚುಕ್ಕೆ ಇತ್ತು, ಅಚ್ಚಿನವರದೋ ನೊಣದ್ದೋ ಹೇಳಲಾಗದಂಥದ್ದು. ಕಲಬುರಗಿಗೆ ಹೋಗಿ ಅಟ್ಲಾಸ್ ಕೊಂಡು ತಂದೆ. ಅದರಲ್ಲಿ ಚುಕ್ಕೆಗೆ ಹೆಸರಿತ್ತು, ಹೆಸರಿನ ಪಕ್ಕ ಮನಾಮಾ ಇತ್ತು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳಲಿ? ಗೌಂಡಿಯ ಮೇಲೆ ಬಂತು, ಸಾಹುಕಾರರ ಮೇಲೆ ಬಂತು, ಎಲ್ಲ ದೇಶವನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ ಊರಿನ ಬಾಯಿಯ ಮೇಲೆ ಬಂತು. ಕೊನೆಗೆ ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂತು. ಪ್ರಪಂಚದ ಭೂಗೋಳ ನಮಗೇಕೆ, ನಾವೇನು ವಿಮಾನ ಹತ್ತುತ್ತೇವಾ ಎಂದು ಶಾಲೆಯ ಸಹೋದ್ಯೋಗಿಗಳು ಅನ್ನುತ್ತಿದ್ದರು, ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ನಾವು ಹತ್ತದಿದ್ದರೆ ಏನಾಯಿತು, ನಮ್ಮ ಹುಡುಗರು ಹತ್ತಿ ಹೋಗಿದ್ದಾರೆ. ಅವರು ನಿಂತ ನೆಲದ ಹೆಸರು ನಮಗೆ ಬರದಿದ್ದರೆ ಅವರು ಹೇಳಿದ ನಿಜವೂ ನಮಗೆ ಸುಳ್ಳಾಗಿ ಕೇಳಿಸುತ್ತದೆ. ಹುಡುಗ ನಿಜವಾದ ಹೊತ್ತು ಹೇಳಿದ್ದಕ್ಕೇ ಕೆಟ್ಟ. ಸುಳ್ಳು ಹೇಳಿ ನಾಲ್ಕು ಅಂದಿದ್ದರೆ ಮದುವೆ ಆಗಿಹೋಗುತ್ತಿತ್ತು.

ಆ ಭಾನುವಾರ ಅಟ್ಲಾಸ್ ಚೀಲದಲ್ಲಿಟ್ಟುಕೊಂಡು ಯಾದಗಿರಿಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದ. ತಂಗಿ ಹಿತ್ತಿಲಲ್ಲಿ ಶೇಂಗಾ ಒಡೆಯುತ್ತಾ ಕೂತಿದ್ದಳು. ನಾನೂ ಎದುರಿಗೆ ಕೂತೆ. ಬಸ್ಸಿನಲ್ಲಿ ಇಡೀ ದಾರಿ ಹೊಂದಿಸಿಕೊಂಡು ಬಂದ ಮಾತುಗಳನ್ನೆಲ್ಲ ಬದಿಗಿಟ್ಟೆ. ತಪ್ಪಾಗಿದೆ ಎಂದೆ. ನನ್ನ ಜನ್ಮದಲ್ಲಿ ಆ ಮಾತು ಅವಳಿಗೆ ಹೇಳಿದ್ದು ಅದೇ ಮೊದಲು. ಆ ಹುಡುಗ ಮುಂಬೈಯಲ್ಲಿ ಇರಲಿಲ್ಲ, ಸುಳ್ಳನೂ ಅಲ್ಲ, ಅವನು ಇದ್ದದ್ದು ಬೇರೆ ದೇಶದಲ್ಲಿ ಎಂದೆ. ದೇಶದ ಹೆಸರು ಹೇಳುವ ಮೊದಲು ಪುಟ ತೋರಿಸೋಣ ಎಂದು ಚೀಲಕ್ಕೆ ಕೈ ಹಾಕಿದೆ.

"ಬಹರೇನ್ ದಾಗ," ಎಂದಳು ತಂಗಿ, ಶೇಂಗಾದಿಂದ ಕಣ್ಣೆತ್ತದೆ. "ಮನಾಮಾ ಅನ್ನೋ ಊರಾಗ. ನಮಗಿಂತ ಎರಡೂವರಿ ತಾಸು ಹಿಂದ."

ನಾನು ಅವಳಿಗೆ ದೇಶದ ಹೆಸರನ್ನು ಇನ್ನೂ ಹೇಳಿರಲಿಲ್ಲ. ಕ್ಷಮೆ ಕೇಳಲು ಬಂದವನು ನಾನು, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ನಿನಗ ಹೆಂಗ ಗೊತ್ತಾತು?" ಎಂದು ಕೇಳಿದೆ.

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಯಾವುದೋ ಹಳೆಯ ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು. ನಿಶ್ಚಯದ ದಿನವೇ ಹೊಲಿಗೆ ಕ್ಲಾಸಿನ ಕೆಳಗಿನ ಎಸ್‌ಟಿಡಿ ಬೂತಿನ ನಂಬರನ್ನು ಚೀಟಿಯಲ್ಲಿ ಬರೆದು, ವೀಳ್ಯದ ತಟ್ಟೆಯ ಕೆಳಗಿಟ್ಟು ಅವನಿಗೆ ದಾಟಿಸಿದ್ದಳಂತೆ. ಪ್ರತಿ ಶುಕ್ರವಾರ ಹನ್ನೊಂದಕ್ಕೆ ಅವನು ಅಲ್ಲಿಗೆ ಫೋನ್ ಮಾಡುತ್ತಿದ್ದನಂತೆ. ಆಗ ಅವನಿಗೆ ಎಂಟೂವರೆ. ಎದ್ದು ಮುಖ ತೊಳೆದು ಬಂದು ನಿಂತಿರುತ್ತಿದ್ದನಂತೆ. ಸುತ್ತಲಿನ ಸಮುದ್ರ, ಅಲ್ಲಿಯ ಬಿಸಿಲು, ಕೂಲಿಯವರ ಕೋಣೆ, ಎಲ್ಲ ಹೇಳುತ್ತಿದ್ದನಂತೆ. ಬಹರೇನ್ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ, ದುಬೈ ಅಂತಲೇ ಇರಲಿ ಬಿಡು ಎಂದು ಇಬ್ಬರೂ ನಗುತ್ತಿದ್ದರಂತೆ.

ಹಾಗಾದರೆ ಅವತ್ತೇ ಒಂದು ಮಾತು ಹೇಳಬಾರದಿತ್ತೇ ಎಂದೆ.

"ಹೇಳಬೇಕಂತ ಎರಡು ಸಲ ಬಾಯಿ ತಗದೆ, ಅಣ್ಣಾ," ಎಂದಳು ತಂಗಿ. "ಹೇಳಿದ್ರ ಅಂವ ಎಲ್ಲಿದ್ದಾನಂತ ನೀ ಕೇಳ್ತಿರಲಿಲ್ಲ. ನಿನಗ ಹೆಂಗ ಗೊತ್ತಾತು ಅಂತ ಕೇಳ್ತಿದ್ದಿ. ಈಗೂ ಅದನ್ನ ಕೇಳಿದಿ."